ಎಚ್‌ಡಿ ಡಿಸ್ಕ್‌ಗಳಲ್ಲಿ ಯಾವುದು ಯಾರಿಗೆ: ಜಾಗದ ಲೆಕ್ಕ, ಸೌಂಡಿನ ಲೆಕ್ಕ

ಕಳೆದ ಸಲ ಆಯುಧಪೂಜೆಗೆ ಮನೆ ಗುಡಿಸುವಾಗ ಅಟ್ಟದ ಮೇಲಿಂದ ಒಂದು ರಟ್ಟಿನ ಡಬ್ಬ ಇಳಿಯಿತು. ತಮ್ಮನ ಮಗ ಅದನ್ನು ಬಿಚ್ಚಿ, ಒಳಗಿದ್ದದ್ದನ್ನೆಲ್ಲ ಹಾಲಿನಲ್ಲಿ ಸಾಲಾಗಿ ಹರಡಿದ. ಸಿನಿಮಾಕ್ಕೆ ಎರಡೆರಡು ಡಿಸ್ಕಿನ ವಿಸಿಡಿಗಳು, ಒಂದಷ್ಟು ಡಿವಿಡಿ, ನೀಲಿ ಡಬ್ಬಿಯ ಹತ್ತು ಹನ್ನೆರಡು ಬ್ಲೂ-ರೇ, ಮತ್ತೆ ಬ್ಲೂ-ರೇ ಜೊತೆ ಪೈಪೋಟಿಗೆ ಬಂದು ಸೋತ, ಕೆಂಪು ಡಬ್ಬಿಯ ಮೂರು ಎಚ್‌ಡಿ ಡಿವಿಡಿ. ಕೆಂಪು ಡಬ್ಬಿಯವು 2007ರಲ್ಲಿ ಭಾವ ಅಮೆರಿಕದಿಂದ ಬರುವಾಗ ತಂದುಕೊಟ್ಟದ್ದು.

"ದೊಡ್ಡಪ್ಪ, ಇದರಲ್ಲಿ ಯಾವುದು ಇಟ್ಕೋಬೇಕು, ಯಾವುದು ಗುಜರಿಗೆ? ನೋಡೋಕೆ ಎಲ್ಲಾ ಒಂದೇ ಥರ ಇದೆಯಲ್ಲ" ಅಂದ.

ನಿಜ, ಒಂದೇ ಥರ ಇವೆ. ಎಲ್ಲದರ ಅಡ್ಡಗಲ 12 ಸೆಂಟಿಮೀಟರ್, ದಪ್ಪ 1.2 ಮಿಲಿಮೀಟರ್. ಆದರೆ ಒಂದರಲ್ಲಿ 4.7 ಜಿಬಿ ಹಿಡಿದರೆ ಇನ್ನೊಂದರಲ್ಲಿ 50, ಈಗಿನ 4ಕೆ ಡಿಸ್ಕಿನಲ್ಲಿ 100 ಜಿಬಿ. ಡಿಸ್ಕ್ ಕೊಳ್ಳುವವರು ಈಗ ಕಡಿಮೆ, ಒಪ್ಪುತ್ತೇನೆ. ಆದರೂ ಮನೆಯಲ್ಲಿ ಒಳ್ಳೆ ಸ್ಪೀಕರ್ ಇಟ್ಟುಕೊಂಡವರು, ಹೊರದೇಶದಿಂದ ತರಿಸುವವರು, ಸೆಕೆಂಡ್‌ಹ್ಯಾಂಡ್ ಪ್ಲೇಯರ್ ಹುಡುಕುವವರು ಇದೇ ಪ್ರಶ್ನೆ ಕೇಳುತ್ತಾರೆ. ಕೇಳಿದವರೆಲ್ಲ ಮೊದಲು ನೋಡೋದು ಡಬ್ಬಿಯ ಮೇಲಿನ ಜಿಬಿ. ಅದು ಅರ್ಧ ಲೆಕ್ಕ ಅಷ್ಟೇ. ನಿಮ್ಮ ಸಿನಿಮಾದ ಒಂದೊಂದು ಗಂಟೆಗೆ ಆ ಜಾಗದಲ್ಲಿ ಎಷ್ಟು ಪಾಲು ಬಂತು, ಡಿಸ್ಕಿನಲ್ಲಿರುವ ಸೌಂಡ್ ನಿಮ್ಮ ಸ್ಪೀಕರ್ ತನಕ ಪೂರ್ತಿ ಬಂತಾ, ಉಳಿದರ್ಧ ಇಲ್ಲಿದೆ.

ಅದೇ ಅಂಗಳ, ಸಣ್ಣ ಚುಕ್ಕಿ

ಡಿಸ್ಕಿನಲ್ಲಿ ಮಾಹಿತಿ ಇರೋದು ಸುರುಳಿ ಸುತ್ತಿದ ಸಾಲಿನಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳಾಗಿ. ಲೇಸರ್ ಬೆಳಕಿನ ಚುಕ್ಕಿಯೊಂದು ಆ ಗುಳಿಗಳ ಮೇಲೆ ಓಡುತ್ತಾ ಓದಿಕೊಂಡು ಹೋಗುತ್ತದೆ. ಚುಕ್ಕಿ ಸಣ್ಣದಾದಷ್ಟೂ ಗುಳಿಗಳನ್ನು ಒತ್ತೊತ್ತಾಗಿ ಇಡಬಹುದು. ಮನೆ ಮುಂದಿನ ಅಂಗಳ ಅಷ್ಟೇ ಇದ್ದರೂ ಚುಕ್ಕಿ ಹತ್ತಿರ ಹತ್ತಿರ ಇಟ್ಟರೆ ದೊಡ್ಡ ರಂಗೋಲಿ ಹಿಡಿಸಬಹುದಲ್ಲ, ಹಾಗೆ.

ಚುಕ್ಕಿಯ ಗಾತ್ರ ನಿಂತಿರೋದು ಎರಡು ಸಂಗತಿಗಳ ಮೇಲೆ. ಒಂದು, ಬೆಳಕಿನ ತರಂಗಾಂತರ. ಇನ್ನೊಂದು, ಲೆನ್ಸ್ ಆ ಬೆಳಕನ್ನು ಎಷ್ಟು ಚೂಪಾಗಿ ಒಂದೆಡೆ ಕೂಡಿಸುತ್ತದೆ ಅನ್ನೋದು. ಇದಕ್ಕೆ ಎನ್‌ಎ ಅಂತ ಒಂದು ಸಂಖ್ಯೆ ಇದೆ. ಡಿವಿಡಿಯದು ಕೆಂಪು ಲೇಸರ್, 650 ನ್ಯಾನೊಮೀಟರ್, ಎನ್‌ಎ 0.60. ಎಚ್‌ಡಿ ಡಿವಿಡಿ ಮತ್ತು ಬ್ಲೂ-ರೇ ಎರಡೂ ಬಳಸಿದ್ದು 405 ನ್ಯಾನೊಮೀಟರಿನ ಒಂದೇ ನೀಲಿ-ನೇರಳೆ ಲೇಸರ್. ಬ್ಲೂ-ರೇ ಅಂತ ಹೆಸರಿಟ್ಟದ್ದಕ್ಕೆ ಅದೊಂದರಲ್ಲೇ ನೀಲಿ ಬೆಳಕು ಅಂದುಕೊಂಡವರು ಬಹಳ ಜನ. ಹಾಗಲ್ಲ. ವ್ಯತ್ಯಾಸ ಇದ್ದದ್ದು ಲೆನ್ಸಿನಲ್ಲಿ: ಎಚ್‌ಡಿ ಡಿವಿಡಿಯ ಎನ್‌ಎ 0.65, ಬ್ಲೂ-ರೇಯದು 0.85.

ಕ್ಯಾಲ್ಕ್ಯುಲೇಟರ್ ಇದ್ದರೆ ಒಮ್ಮೆ ಒತ್ತಿ ನೋಡಿ. ತರಂಗಾಂತರವನ್ನು ಎನ್‌ಎಯಿಂದ ಭಾಗಿಸಿದರೆ ಡಿವಿಡಿಗೆ 1083, ಎಚ್‌ಡಿ ಡಿವಿಡಿಗೆ 623, ಬ್ಲೂ-ರೇಗೆ 476 ಬರುತ್ತದೆ. ಚುಕ್ಕಿ ಉದ್ದಕ್ಕೂ ಅಡ್ಡಕ್ಕೂ ಕುಗ್ಗುವುದರಿಂದ ಈ ಅನುಪಾತವನ್ನು ವರ್ಗ ಮಾಡಬೇಕು. ಹಾಗೆ ಮಾಡಿದರೆ ಎಚ್‌ಡಿ ಡಿವಿಡಿಯಲ್ಲಿ ಡಿವಿಡಿಯ ಸುಮಾರು 3 ಪಟ್ಟು ಹಿಡಿಯಬೇಕು, ಬ್ಲೂ-ರೇಯಲ್ಲಿ 5 ಪಟ್ಟಿಗಿಂತ ಸ್ವಲ್ಪ ಜಾಸ್ತಿ. 4.7 ಜಿಬಿಯನ್ನು ಗುಣಿಸಿದರೆ 14 ಮತ್ತು 24. ಡಬ್ಬಿಯ ಮೇಲೆ ಇದ್ದದ್ದು ಒಂದು ಪದರಕ್ಕೆ 15 ಜಿಬಿ ಮತ್ತು 25 ಜಿಬಿ. ಅಂದರೆ ಆ ಸಂಖ್ಯೆಗಳು ಮಾರುವವರು ಊದಿಸಿದ್ದಲ್ಲ, ಲೆನ್ಸಿನಿಂದಲೇ ಹುಟ್ಟಿದ್ದು. ಎರಡು ಪದರದ ಡಿಸ್ಕಿಗೆ 30 ಮತ್ತು 50.

ಅಷ್ಟು ಚೂಪಾದ ಲೆನ್ಸಿಗೆ ಒಂದು ಬೆಲೆ ಇದೆ. ಮಾಹಿತಿಯ ಪದರ ಲೆನ್ಸಿಗೆ ತೀರಾ ಹತ್ತಿರ ಇರಬೇಕು. ಡಿವಿಡಿಯಲ್ಲೂ ಎಚ್‌ಡಿ ಡಿವಿಡಿಯಲ್ಲೂ ಪದರದ ಮೇಲೆ 0.6 ಮಿಲಿಮೀಟರ್ ಪ್ಲಾಸ್ಟಿಕ್ ಇರುತ್ತದೆ. ಬ್ಲೂ-ರೇಯಲ್ಲಿ ಬರೀ 0.1 ಮಿಲಿಮೀಟರ್. ಗೀರು ಬಿದ್ದರೆ ಕಥೆ ಮುಗಿಯಿತು ಅನ್ನೋ ಭಯಕ್ಕೆ 2003ರಲ್ಲಿ ಜಪಾನಿನಲ್ಲಿ ಬಂದ ಮೊದಲ ಬ್ಲೂ-ರೇ ರೆಕಾರ್ಡರಿನ ಡಿಸ್ಕುಗಳನ್ನು ಪ್ಲಾಸ್ಟಿಕ್ ಚಿಪ್ಪಿನೊಳಗೇ ಇಟ್ಟು ಮಾರುತ್ತಿದ್ದರು. ಆಮೇಲೆ ಗಟ್ಟಿ ಲೇಪನ ಬಂತು, ಚಿಪ್ಪು ಹೋಯಿತು. ಈಗ ಬ್ಲೂ-ರೇ ಮೇಲೆ ಬೆರಳಚ್ಚೂ ಗೀರೂ ಡಿವಿಡಿಗಿಂತ ಕಡಿಮೆ ಕೂರುತ್ತವೆ. ನಮ್ಮ ಡಬ್ಬದಲ್ಲಿದ್ದ ಡಿವಿಡಿಗಳ ಬೆನ್ನಿನ ಮೇಲೆ ಬೆಕ್ಕು ಪರಚಿದ ಹಾಗಿತ್ತು. ನೀಲಿ ಡಬ್ಬಿಯವು ಕನ್ನಡಿ.

ಎಚ್‌ಡಿ ಡಿವಿಡಿ 0.6 ಮಿಲಿಮೀಟರನ್ನೇ ಉಳಿಸಿಕೊಂಡದ್ದು ಸುಮ್ನೆ ಅಲ್ಲ. ಡಿವಿಡಿ ಒತ್ತುವ ಹಳೇ ಕಾರ್ಖಾನೆಯಲ್ಲೇ ಸ್ವಲ್ಪ ಬದಲಾವಣೆ ಮಾಡಿ ಇದನ್ನೂ ಒತ್ತಬಹುದಿತ್ತು. ಬ್ಲೂ-ರೇಗೆ ಹೊಸ ಯಂತ್ರಗಳೇ ಬೇಕಿತ್ತು.

ಒಂದು ಗಂಟೆಗೆ 0.45

ಇನ್ನು ಸಿನಿಮಾಕ್ಕೆ ಈ ಜಾಗ ಸಾಕಾ ಬೇಡವಾ ಅನ್ನೋ ಲೆಕ್ಕ. ನಾನು ಬಳಸೋದು ಒಂದೇ ಸೂತ್ರ: 1 ಎಂಬಿಪಿಎಸ್ (ಸೆಕೆಂಡಿಗೆ ಒಂದು ಮೆಗಾಬಿಟ್) ವೇಗದಲ್ಲಿ ಒಂದು ಗಂಟೆ ಓಡಿದರೆ 0.45 ಜಿಬಿ ಖರ್ಚು. 8 ಬಿಟ್ ಸೇರಿ ಒಂದು ಬೈಟ್, ಹಾಗಾಗಿ 3600 ಸೆಕೆಂಡನ್ನು 8ರಿಂದ ಭಾಗಿಸಿದರೆ 450 ಎಂಬಿ, ಅಷ್ಟೇ. ಮೂರು ಗಂಟೆಯ ಸಿನಿಮಾ ಆದರೆ ಪ್ರತಿ ಎಂಬಿಪಿಎಸ್‌ಗೆ 1.35 ಜಿಬಿ.

ನಮ್ಮ ಕಡೆ ಮೂರು ಗಂಟೆ ಸಿನಿಮಾ ಅಪರೂಪ ಅಲ್ಲ. ಹಾಗಾಗಿ ಅದನ್ನೇ ಇಟ್ಟುಕೊಂಡು, ಚಿತ್ರ ಸೌಂಡ್ ಎರಡಕ್ಕೂ ಸೇರಿ ಸರಾಸರಿ ಎಷ್ಟು ಸಿಗುತ್ತದೆ ಅಂತ ಹಾಕಿದ್ದೇನೆ:

| ಡಿಸ್ಕ್ | ಜಾಗ | 3 ಗಂಟೆಗೆ ಹಂಚಿದರೆ |
|---|---|---|
| ಡಿವಿಡಿ, ಎರಡು ಪದರ | 8.5 ಜಿಬಿ | 6.3 ಎಂಬಿಪಿಎಸ್ |
| ಎಚ್‌ಡಿ ಡಿವಿಡಿ, ಎರಡು ಪದರ | 30 ಜಿಬಿ | 22 ಎಂಬಿಪಿಎಸ್ |
| ಬ್ಲೂ-ರೇ, ಒಂದು ಪದರ | 25 ಜಿಬಿ | 18.5 ಎಂಬಿಪಿಎಸ್ |
| ಬ್ಲೂ-ರೇ, ಎರಡು ಪದರ | 50 ಜಿಬಿ | 37 ಎಂಬಿಪಿಎಸ್ |
| 4ಕೆ ಬ್ಲೂ-ರೇ, ಎರಡು ಪದರ | 66 ಜಿಬಿ | 49 ಎಂಬಿಪಿಎಸ್ |
| 4ಕೆ ಬ್ಲೂ-ರೇ, ಮೂರು ಪದರ | 100 ಜಿಬಿ | 74 ಎಂಬಿಪಿಎಸ್ |

ಕಂಪ್ಯೂಟರಿನಲ್ಲಿ 25 ಜಿಬಿ ಡಿಸ್ಕ್ ಹಾಕಿದರೆ 23.3 ಅಂತ ತೋರಿಸುತ್ತದೆ. ಗಾಬರಿ ಬೇಡ. ಡಿವಿಡಿ ಬರ್ನ್ ಮಾಡುತ್ತಿದ್ದವರಿಗೆ 4.7 ಜಿಬಿ ಯಾಕೆ 4.37 ಆಗುತ್ತಿತ್ತು ಅನ್ನೋದು ನೆನಪಿರಬಹುದು; ಅದೇ ಕಾರಣ, 1000ದ ಲೆಕ್ಕ ಮತ್ತು 1024ರ ಲೆಕ್ಕ.

ಈ ಪಟ್ಟಿಯಲ್ಲಿ ಕಾಣದ ಒಂದು ಮಾತಿದೆ. ಜಾಗದ ಜೊತೆಗೆ ವೇಗಕ್ಕೂ ಮಿತಿ ಇರುತ್ತದೆ. ಚಿತ್ರ ಮತ್ತು ಸೌಂಡ್ ಸೇರಿ ಎಚ್‌ಡಿ ಡಿವಿಡಿಗೆ 30 ಎಂಬಿಪಿಎಸ್ ಚಿಲ್ಲರೆ, ಬ್ಲೂ-ರೇಗೆ 48. ಎರಡು ಗಂಟೆಯ ಹಾಲಿವುಡ್ ಸಿನಿಮಾ ತಗೊಳ್ಳಿ. 30 ಜಿಬಿಯನ್ನು ಎರಡು ಗಂಟೆಗೆ ಹಂಚಿದರೆ 33 ಎಂಬಿಪಿಎಸ್ ಬರುತ್ತದೆ, ಅಂದರೆ ಎಚ್‌ಡಿ ಡಿವಿಡಿಯ ವೇಗದ ಮಿತಿಗಿಂತಲೂ ಜಾಸ್ತಿ. ಅಂಥ ಸಿನಿಮಾಕ್ಕೆ 30 ಜಿಬಿ ಕೊರತೆ ಆಗಲೇ ಇಲ್ಲ. ಕೊರತೆ ಆಗುತ್ತಿದ್ದದ್ದು ನಮ್ಮಂಥ ಉದ್ದದ ಸಿನಿಮಾಗಳಿಗೆ, ಇಲ್ಲವೇ ಸಿನಿಮಾ ಜೊತೆಗೆ ಎರಡು ಗಂಟೆ ಮೇಕಿಂಗ್ ವಿಡಿಯೊ ತುರುಕಿದಾಗ.

ಕೆಂಪು ಡಬ್ಬಿ ಯಾಕೆ ಅಟ್ಟ ಹತ್ತಿತು

ಜಾಗ ಜಾಸ್ತಿ ಇದ್ದದ್ದಕ್ಕೇ ಬ್ಲೂ-ರೇ ಗೆದ್ದಿತು ಅಂತ ಹೇಳುವವರಿದ್ದಾರೆ. ಶುರುವಿನಲ್ಲಿ ನೋಡಿದ್ದರೆ ಯಾರೂ ಹಾಗೆ ಹೇಳುತ್ತಿರಲಿಲ್ಲ. 2006ರ ಮಾರ್ಚ್ ಕೊನೆಗೆ ತೋಶಿಬಾದ ಎಚ್‌ಡಿ ಡಿವಿಡಿ ಜಪಾನಿನಲ್ಲಿ, ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಬಂತು. ಪ್ಲೇಯರ್ ಬೆಲೆ 499 ಡಾಲರ್. ಜೂನ್‌ನಲ್ಲಿ ಸ್ಯಾಮ್‌ಸಂಗ್‌ನ ಮೊದಲ ಬ್ಲೂ-ರೇ ಪ್ಲೇಯರ್ ಬಂತು, 999 ಡಾಲರ್. ಎರಡು ಪಟ್ಟು ದುಡ್ಡು ಕೊಟ್ಟವರಿಗೆ ಸಿಕ್ಕಿದ್ದೇನು? ಮೊದಮೊದಲ ಬ್ಲೂ-ರೇಗಳು ಒಂದು ಪದರದ 25 ಜಿಬಿಯವು, ಅದರಲ್ಲೂ ಎಂಪೆಗ್-2 ಅನ್ನೋ ಡಿವಿಡಿ ಕಾಲದ ಕೊಡೆಕ್, ಅಂದರೆ ಚಿತ್ರವನ್ನು ಕುಗ್ಗಿಸಿಡುವ ವಿಧಾನ. ಆ ಕಡೆ ಎಚ್‌ಡಿ ಡಿವಿಡಿಗಳು 30 ಜಿಬಿ ಡಿಸ್ಕಿನಲ್ಲಿ ವಿಸಿ-1 ಅನ್ನೋ ಹೊಸ ಕೊಡೆಕ್ ಬಳಸಿ, ಅರ್ಧ ಬಿಟ್‌ನಲ್ಲೇ ಒಳ್ಳೆ ಚಿತ್ರ ಕೊಡುತ್ತಿದ್ದವು. ಕಾಗದದ ಮೇಲೆ ದೊಡ್ಡವನು, ಕಣದಲ್ಲಿ ಸಪ್ಪೆ. 50 ಜಿಬಿ ಸಿನಿಮಾ ಡಿಸ್ಕುಗಳು ಆ ವರ್ಷದ ಕೊನೆಯ ಹೊತ್ತಿಗೆ ಬಂದವು, ಎಚ್.264 ಅನ್ನೋ ಕೊಡೆಕ್ ಬಂತು, ಆಮೇಲೆ ಲೆಕ್ಕ ಬದಲಾಯಿತು.

ಗೆಲುವು ನಿಜಕ್ಕೂ ಬಂದದ್ದು ಬೇರೆ ಕಡೆಯಿಂದ. 2006ರ ನವೆಂಬರ್‌ನಲ್ಲಿ ಪ್ಲೇಸ್ಟೇಷನ್ 3 ಬಂತು. ಆಟಕ್ಕೆ ಅಂತ ಕೊಂಡವರ ಮನೆಯಲ್ಲೆಲ್ಲ ಬ್ಲೂ-ರೇ ಪ್ಲೇಯರ್ ಕೂತಿತು. ಎಕ್ಸ್‌ಬಾಕ್ಸ್ 360ಗೆ ಎಚ್‌ಡಿ ಡಿವಿಡಿ ಡ್ರೈವನ್ನು 199 ಡಾಲರ್ ಕೊಟ್ಟು ಬೇರೆಯಾಗಿ ಕೊಳ್ಳಬೇಕಿತ್ತು, ಕೊಂಡವರು ಕಡಿಮೆ. 2008ರ ಜನವರಿ 4ರಂದು ವಾರ್ನರ್ ಸಿನಿಮಾ ಸ್ಟುಡಿಯೊ ಇನ್ನು ಬರೀ ಬ್ಲೂ-ರೇ ಅಂದಿತು. ಫೆಬ್ರವರಿ 19ಕ್ಕೆ ತೋಶಿಬಾ ಕೈಮುಗಿಯಿತು.

ಭಾವ ತಂದ ಡಿಸ್ಕುಗಳನ್ನು ನಾನು ಸರಿಯಾಗಿ ನೋಡಿದ್ದು ಎಷ್ಟೋ ವರ್ಷದ ಮೇಲೆ, ಎಸ್‌ಪಿ ರೋಡಿನಲ್ಲಿ ಸಿಕ್ಕ ಆ ಎಕ್ಸ್‌ಬಾಕ್ಸ್ ಡ್ರೈವನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಚುಚ್ಚಿ. ಮೂರರಲ್ಲಿ ಒಂದು ಓದಲೇ ಇಲ್ಲ. ಮೇಲೆ ಗೀರು ಇಲ್ಲ, ಕಲೆ ಇಲ್ಲ. ಆ ಕಾಲದ ಕೆಲವು ಎಚ್‌ಡಿ ಡಿವಿಡಿಗಳು ಹೀಗೆ ಒಳಗಿಂದಲೇ ಕೆಡುತ್ತವೆ. ಒಂದು ಒಳ್ಳೆ ಗುಣ ಹೇಳಲೇಬೇಕು: ಅದಕ್ಕೆ ಪ್ರದೇಶದ ಬೀಗ ಇರಲಿಲ್ಲ. ಅಮೆರಿಕದ ಡಿಸ್ಕ್ ಇಲ್ಲಿ ಸಲೀಸಾಗಿ ಓಡುತ್ತಿತ್ತು.

ಸೌಂಡ್: ಮಡಚಿದ ಪಂಚೆ, ಸುಲಿದ ಹಣ್ಣು

ಚಿತ್ರಕ್ಕಿಂತ ನನಗೆ ಇಲ್ಲಿ ಹೇಳೋದು ಜಾಸ್ತಿ ಇದೆ.

ಡಿಸ್ಕಿನ ಸೌಂಡ್ ಮೂರು ಬಗೆ. ಮೊದಲನೆಯದು ಎಲ್‌ಪಿಸಿಎಂ. ಸ್ಟುಡಿಯೊದಲ್ಲಿ ಇದ್ದದ್ದು ಇದ್ದ ಹಾಗೆ, ಕುಗ್ಗಿಸದೆ. ಎರಡನೆಯದು ಲಾಸ್‌ಲೆಸ್: ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ. ಇದು ಪಂಚೆ ಮಡಚಿ ಪೆಟ್ಟಿಗೆಯಲ್ಲಿಟ್ಟ ಹಾಗೆ. ಜಾಗ ಕಡಿಮೆ ಹಿಡಿಯುತ್ತದೆ, ಬಿಚ್ಚಿದರೆ ಅದೇ ಪಂಚೆ, ಒಂದು ಎಳೆಯೂ ಕಡಿಮೆ ಇಲ್ಲ. ಮೂರನೆಯದು ಲಾಸಿ: ಡಾಲ್ಬಿ ಡಿಜಿಟಲ್, ಡಾಲ್ಬಿ ಡಿಜಿಟಲ್ ಪ್ಲಸ್, ಮಾಮೂಲಿ ಡಿಟಿಎಸ್. ಇದು ಹಣ್ಣು ಸುಲಿದ ಹಾಗೆ. ಕಿವಿಗೆ ಬೇಕಾಗೋದಿಲ್ಲ ಅಂತ ಅಂದಾಜು ಮಾಡಿ ಸಿಪ್ಪೆ ಬಿಸಾಡುತ್ತಾರೆ. ಆ ಸಿಪ್ಪೆ ವಾಪಸ್ ಬರೋದಿಲ್ಲ.

ಡಿವಿಡಿಯಲ್ಲಿ ಸಿನಿಮಾ ಸೌಂಡ್ ಅಂದರೆ ಹೆಚ್ಚಾಗಿ 448 ಕೆಬಿಪಿಎಸ್ ಡಾಲ್ಬಿ ಡಿಜಿಟಲ್. ಸಾವಿರ ಕೆಬಿಪಿಎಸ್ ಸೇರಿದರೆ ಒಂದು ಎಂಬಿಪಿಎಸ್. ಆರು ಚಾನಲ್‌ಗೆ, ಅಂದರೆ ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರಿನ ಸದ್ದಿಗೆ, ಅಷ್ಟು. ಎರಡೇ ಚಾನಲ್ ಇರುವ ಮ್ಯೂಸಿಕ್ ಸಿಡಿಗೆ 1411 ಕೆಬಿಪಿಎಸ್ ಬೇಕು ಅನ್ನೋದನ್ನು ಪಕ್ಕದಲ್ಲಿಟ್ಟು ನೋಡಿ, ಎಷ್ಟು ಸುಲಿದಿದ್ದಾರೆ ಅಂತ ಗೊತ್ತಾಗುತ್ತದೆ. ಪಾಪ, ಅದರ ತಪ್ಪಲ್ಲ. ಡಿವಿಡಿಯ ಒಟ್ಟು ಮಿತಿಯೇ 10 ಎಂಬಿಪಿಎಸ್. ಆರು ಚಾನಲ್ಲಿನ 16 ಬಿಟ್ ಎಲ್‌ಪಿಸಿಎಂ ಹಾಕಿದರೆ ಅದೇ 4.6 ತಿನ್ನುತ್ತದೆ, ಚಿತ್ರಕ್ಕೆ ಏನು ಉಳಿಯುತ್ತದೆ?

ಡಿವಿಡಿಯ ಇನ್ನೊಂದು ತೊಂದರೆ ಸಂಗೀತ ಗೊತ್ತಿದ್ದವರಿಗೆ ತಕ್ಷಣ ಹಿಡಿಯುತ್ತದೆ. ಸಿನಿಮಾ ಓಡೋದು ಸೆಕೆಂಡಿಗೆ 24 ಫ್ರೇಮ್. ಪಾಲ್ ಡಿವಿಡಿಗೆ (ಭಾರತ, ಯುರೋಪಿನ ಟಿವಿ ಪದ್ಧತಿಯದು) 25 ಬೇಕು. ಸುಲಭ ಉಪಾಯ ಅಂದರೆ ಇಡೀ ಸಿನಿಮಾವನ್ನು ಶೇಕಡ 4ರಷ್ಟು ಬೇಗ ಓಡಿಸೋದು. ಎರಡೂವರೆ ಗಂಟೆ ಸಿನಿಮಾ 2 ಗಂಟೆ 24 ನಿಮಿಷಕ್ಕೇ ಮುಗಿಯುತ್ತದೆ. ಜೊತೆಗೆ, ಸರಿಪಡಿಸದೇ ಬಿಟ್ಟರೆ, ಶ್ರುತಿ ಮುಕ್ಕಾಲು ಸ್ವರಸ್ಥಾನದಷ್ಟು ಏರಿಬಿಡುತ್ತದೆ. ನಮ್ಮ ಮನೆಯಲ್ಲಿ ಒಬ್ಬರು ಹಾರ್ಮೋನಿಯಂ ನುಡಿಸುತ್ತಾರೆ. ಕ್ಯಾಸೆಟ್ಟಿನಲ್ಲಿ ಕೂಡುತ್ತಿದ್ದ ಹಾಡು ಡಿವಿಡಿಯಲ್ಲಿ ಹಾರ್ಮೋನಿಯಂನ ಯಾವ ಮನೆಗೂ ಕೂಡುತ್ತಿಲ್ಲ ಅಂತ ಅವರು ತಲೆ ಕೆಡಿಸಿಕೊಂಡಿದ್ದರು. ಬ್ಲೂ-ರೇಯಲ್ಲಿ 24 ಫ್ರೇಮ್ 24 ಆಗಿಯೇ ಇರುತ್ತದೆ. ಎಷ್ಟು ಕೆಬಿಪಿಎಸ್ ಅನ್ನೋದಕ್ಕಿಂತ ಇದೇ ದೊಡ್ಡ ಲಾಭ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಎಚ್‌ಡಿ ಡಿವಿಡಿ, ಬ್ಲೂ-ರೇ ನಡುವೆ ಸೌಂಡಿನಲ್ಲಿ ಯಾರು ಮೇಲು? ಕಾಗದದಲ್ಲಿ ಬ್ಲೂ-ರೇ. ಡಿಟಿಎಸ್-ಎಚ್‌ಡಿ ಮಾಸ್ಟರ್ 24.5 ಎಂಬಿಪಿಎಸ್ ತನಕ, ಎಲ್‌ಪಿಸಿಎಂ 27 ಚಿಲ್ಲರೆ ತನಕ ಹೋಗಬಹುದು. ಆದರೆ ಪ್ಲೇಯರ್‌ಗಳಲ್ಲಿ ಕಡ್ಡಾಯ ಏನಿತ್ತು ಅಂತ ನೋಡಿದರೆ ಕಥೆ ತಿರುಗುತ್ತದೆ. ಎಚ್‌ಡಿ ಡಿವಿಡಿ ಪ್ಲೇಯರ್ ಅಂದರೆ ಡಾಲ್ಬಿ ಡಿಜಿಟಲ್ ಪ್ಲಸ್ ಮತ್ತು ಟ್ರೂಎಚ್‌ಡಿ ಬರಲೇಬೇಕಿತ್ತು. ಬ್ಲೂ-ರೇ ಪ್ಲೇಯರ್‌ಗೆ ಕಡ್ಡಾಯ ಇದ್ದದ್ದು ಹಳೇ ಡಾಲ್ಬಿ ಡಿಜಿಟಲ್, ಹಳೇ ಡಿಟಿಎಸ್ ಮತ್ತು ಎಲ್‌ಪಿಸಿಎಂ ಮಾತ್ರ. ಅದಕ್ಕೇ ಶುರುವಿನ ಬ್ಲೂ-ರೇಗಳಲ್ಲಿ ಎಲ್‌ಪಿಸಿಎಂ ಅಷ್ಟು ಕಾಣುತ್ತದೆ. ಜಾಗ ಇತ್ತು, ಎಲ್ಲ ಪ್ಲೇಯರಲ್ಲೂ ಓಡುತ್ತದೆ, ಹಾಕಿಬಿಟ್ಟರು.

ಜಾಗದ ಪ್ರಶ್ನೆ ಸೌಂಡಿಗೆ ತಟ್ಟೋದು ಇಲ್ಲೇ. ಮೂರು ಗಂಟೆಗೆ ಆರು ಚಾನಲ್ಲಿನ 24 ಬಿಟ್ ಎಲ್‌ಪಿಸಿಎಂ ಹಾಕಿದರೆ 6.9 ಎಂಬಿಪಿಎಸ್, ಅಂದರೆ 9.3 ಜಿಬಿ. 30 ಜಿಬಿ ಡಿಸ್ಕಿನಲ್ಲಿ ಅದು ಮೂರನೇ ಒಂದು ಪಾಲು, 50ರಲ್ಲಿ ಐದನೇ ಒಂದಕ್ಕಿಂತ ಕಡಿಮೆ. ಅದನ್ನೇ ಲಾಸ್‌ಲೆಸ್ ಆಗಿ ಮಡಚಿ 4 ಎಂಬಿಪಿಎಸ್‌ಗೆ ಇಳಿಸಿದರೆ 5.4 ಜಿಬಿ. 640 ಕೆಬಿಪಿಎಸ್ ಡಾಲ್ಬಿ ಡಿಜಿಟಲ್ ಆದರೆ 1 ಜಿಬಿಯೂ ಬೇಡ. ಒಂದೇ ಡಿಸ್ಕಿನಲ್ಲಿ ನಾಲ್ಕೈದು ಭಾಷೆ ಕೊಡುವವರು ಮೂಲ ಭಾಷೆಗೆ ಮಾತ್ರ ಲಾಸ್‌ಲೆಸ್ ಕೊಟ್ಟು, ಡಬ್ಬಿಂಗ್ ಟ್ರ್ಯಾಕುಗಳಿಗೆಲ್ಲ ಸುಲಿದ ಹಣ್ಣು ಕೊಡೋದು ಇದಕ್ಕೇ. ಹಿಂದಿಯಲ್ಲೋ ತಮಿಳಿನಲ್ಲೋ ನೋಡಲು ಡಿಸ್ಕ್ ಕೊಳ್ಳುತ್ತಿದ್ದರೆ ಡಬ್ಬಿಯ ಹಿಂಬದಿ ಓದಿ. ಪ್ರತಿ ಭಾಷೆಯ ಮುಂದೆ ಕೊಡೆಕ್ ಹೆಸರು ಬರೆದಿರುತ್ತಾರೆ. ಮುಂಬದಿಯ ದೊಡ್ಡ ಲೋಗೊ ಒಂದು ಭಾಷೆಗೆ ಮಾತ್ರ ಇರಬಹುದು. ಇನ್ನೊಂದು: ಡಿಟಿಎಸ್-ಎಚ್‌ಡಿ ಅಂತ ಶುರುವಾಗೋದೆಲ್ಲ ಲಾಸ್‌ಲೆಸ್ ಅಲ್ಲ. "ಮಾಸ್ಟರ್ ಆಡಿಯೊ" ಇದ್ದರೆ ಹೌದು, "ಹೈ ರೆಸಲ್ಯೂಷನ್" ಇದ್ದರೆ ಇಲ್ಲ.

ಟ್ರೂಎಚ್‌ಡಿಗಿಂತ ಡಿಟಿಎಸ್-ಎಚ್‌ಡಿ ಮಾಸ್ಟರ್ ಚೆನ್ನ ಅನ್ನೋ ಜಗಳ ಬಹಳ ಹಳೆಯದು. ಎರಡೂ ಲಾಸ್‌ಲೆಸ್. ಒಂದೇ ಮಾಸ್ಟರಿನಿಂದ (ಸ್ಟುಡಿಯೊದ ಮೂಲ ರೆಕಾರ್ಡಿಂಗಿನಿಂದ) ಮಾಡಿದ್ದರೆ ಬಿಚ್ಚಿದ ಮೇಲೆ ಎರಡೂ ಒಂದೇ. ಹಾಗಿದ್ದರೂ ಡಿಟಿಎಸ್ ಗಟ್ಟಿಮುಟ್ಟಾಗಿ ಕೇಳಿಸಿತು ಅಂತ ನಾನೂ ಒಂದು ಕಾಲದಲ್ಲಿ ವಾದ ಮಾಡಿದವನೇ. ಗುಟ್ಟು ಇರೋದು ಡೈಲಾಗ್ ನಾರ್ಮಲೈಸೇಷನ್ ಅನ್ನೋ ಡಾಲ್ಬಿಯ ಒಂದು ಸೂಚನೆಯಲ್ಲಿ. ಅದು ಎಷ್ಟೋ ಡಿಸ್ಕುಗಳಲ್ಲಿ ಇಡೀ ಟ್ರ್ಯಾಕಿನ ವಾಲ್ಯೂಮನ್ನು 4 ಡೆಸಿಬೆಲ್ ಇಳಿಸಿಬಿಡುತ್ತದೆ. ಜೋರಾಗಿ ಕೇಳಿದ್ದೇ ಚೆನ್ನಾಗಿ ಕೇಳಿಸೋದು ಕಿವಿಯ ಸ್ವಭಾವ, ಅಲ್ವಾ? ಮುಂದಿನ ಸಲ ಡಾಲ್ಬಿ ಡಿಸ್ಕಿಗೆ ವಾಲ್ಯೂಮ್ 4 ಏರಿಸಿ ಹೋಲಿಸಿ. ನನ್ನ ವಾದ ಅವತ್ತೇ ಬಿದ್ದುಹೋಯಿತು.

ಸುಲಿದದ್ದಕ್ಕೂ ಮಡಚಿದ್ದಕ್ಕೂ ವ್ಯತ್ಯಾಸ ಕೇಳಿಸುತ್ತದಾ? ಟಿವಿಯ ಸ್ಪೀಕರಿನಲ್ಲಿ ಇಲ್ಲ. ಸಣ್ಣ ಸೌಂಡ್‌ಬಾರಿನಲ್ಲಿ ಕಷ್ಟ. ಐದು ಸ್ಪೀಕರ್, ಒಂದು ಸಬ್‌ವೂಫರ್ ಇರುವ ಕೋಣೆಯಲ್ಲಿ, ರಾತ್ರಿ ಫ್ಯಾನ್ ಆರಿಸಿ ಕೂತರೆ ಕೆಲವು ಜಾಗದಲ್ಲಿ ಹೌದು. ಫೈಟ್ ಸೀನಿನಲ್ಲಿ ಹುಡುಕಬೇಡಿ. ಗಂಟೆ ಹೊಡೆದ ಮೇಲೆ ನಾದ ಕರಗಿಹೋಗುವ ಆ ಮೂರು ನಾಲ್ಕು ಸೆಕೆಂಡಿನಲ್ಲಿ, ಹೆಂಚಿನ ಮೇಲೆ ಬೀಳುವ ಮಳೆಯಲ್ಲಿ, ಜನಜಂಗುಳಿಯ ಗದ್ದಲದಲ್ಲಿ ಹುಡುಕಿ. ಸುಲಿದ ಟ್ರ್ಯಾಕಿನಲ್ಲಿ ಮಳೆ ಒಂದೇ ಸಮನೆ ಹುರಿದ ಸದ್ದಾಗುತ್ತದೆ, ಲಾಸ್‌ಲೆಸ್‌ನಲ್ಲಿ ಹನಿ ಹನಿ ಬೇರೆಯಾಗುತ್ತದೆ. 640 ಕೆಬಿಪಿಎಸ್‌ಗೆ ಬಂದರೆ ಈ ಅಂತರವೂ ತೆಳ್ಳಗಾಗುತ್ತದೆ ಅನ್ನೋದನ್ನೂ ಹೇಳಿಬಿಡುತ್ತೇನೆ.

ದಾರಿಯಲ್ಲಿ ಸೋರಿಹೋಗೋದು

ಈಗ ನನ್ನದೇ ಪೆದ್ದುತನದ ಕಥೆ. ಸೆಕೆಂಡ್‌ಹ್ಯಾಂಡ್ ರಿಸೀವರ್ ಒಂದನ್ನು, ಅಂದರೆ ಪ್ಲೇಯರಿನ ಸದ್ದನ್ನು ಸ್ಪೀಕರುಗಳಿಗೆ ಹಂಚುವ ಪೆಟ್ಟಿಗೆಯನ್ನು ಕೊಂಡೆ. ಮಾರಿದವನು ಒಂದು ಆಪ್ಟಿಕಲ್ ಕೇಬಲ್ಲನ್ನೂ ಕೊಟ್ಟು "ಇದೇ ಬೆಸ್ಟ್ ಸಾರ್, ಬೆಳಕಿನಲ್ಲಿ ಹೋಗತ್ತೆ" ಅಂದ. ಎರಡು ತಿಂಗಳು ಲಾಸ್‌ಲೆಸ್ ಕೇಳುತ್ತಿದ್ದೇನೆ ಅಂತ ಬೀಗಿಕೊಂಡು ನೆಂಟರಿಗೆಲ್ಲ ಕೇಳಿಸಿದೆ. ಒಂದು ದಿನ ರಿಸೀವರ್ ಮುಖದ ಮೇಲಿನ ಸಣ್ಣ ಅಕ್ಷರ ಓದಿದೆ. "ಡಿಟಿಎಸ್" ಅಂತ ಇತ್ತು. ಅಷ್ಟೇ. "ಎಚ್‌ಡಿ" ಇಲ್ಲ, "ಮಾಸ್ಟರ್" ಇಲ್ಲ.

ಆಪ್ಟಿಕಲ್ ಕೇಬಲ್ಲಿನಲ್ಲಿ ಬಹುಚಾನಲ್ ಲಾಸ್‌ಲೆಸ್ ಹೋಗೋದೇ ಇಲ್ಲ. ಡಿಟಿಎಸ್-ಎಚ್‌ಡಿ ಮಾಸ್ಟರ್ ಒಳಗೆ 1.5 ಎಂಬಿಪಿಎಸ್‌ನ ಹಳೇ ಡಿಟಿಎಸ್ ತಿರುಳಿನ ಹಾಗೆ ಕೂತಿರುತ್ತದೆ. ಟ್ರೂಎಚ್‌ಡಿ ಪಕ್ಕದಲ್ಲಿ ಒಂದು ಡಾಲ್ಬಿ ಡಿಜಿಟಲ್ ಟ್ರ್ಯಾಕ್ ಇರುತ್ತದೆ. ದೊಡ್ಡದು ಹಿಡಿಸದಿದ್ದರೆ ಪ್ಲೇಯರ್ ತೆಪ್ಪಗೆ ಸಣ್ಣದನ್ನು ಕಳಿಸುತ್ತದೆ. ಸದ್ದು ಬರುತ್ತಿರುತ್ತದೆ, ನಮಗೆ ಗೊತ್ತಾಗೋದಿಲ್ಲ.

ಎಚ್‌ಡಿಎಂಐ ಕೇಬಲ್ ಹಾಕಿದೆ. ಆಗಲೂ "ಡಿಟಿಎಸ್"! ಇನ್ನೊಂದು ವಾರ ತಲೆ ಚಚ್ಚಿಕೊಂಡ ಮೇಲೆ ಪ್ಲೇಯರಿನ ಸೆಟ್ಟಿಂಗಿನಲ್ಲಿ ಸಿಕ್ಕಿತು: "ಬಿಡಿ ಆಡಿಯೊ ಮಿಕ್ಸ್". ಮೆನುವಿನ ಕ್ಲಿಕ್ ಸದ್ದು, ನಿರ್ದೇಶಕರ ಕಾಮೆಂಟರಿ ಇವನ್ನೆಲ್ಲ ಸಿನಿಮಾ ಸೌಂಡಿಗೆ ಕಲೆಸುವ ಆಯ್ಕೆ ಅದು. ಅದು ಆನ್ ಇದ್ದರೆ ಎಷ್ಟೋ ಪ್ಲೇಯರ್‌ಗಳು ಲಾಸ್‌ಲೆಸ್ ಕಳಿಸೋದಿಲ್ಲ. ಆಫ್ ಮಾಡಿದ ಕೂಡಲೆ ರಿಸೀವರಿನ ಮುಖ ಬದಲಾಯಿತು.

ಟಿವಿಯಿಂದ ಸೌಂಡ್‌ಬಾರಿಗೆ ಕಳಿಸುವವರು ಇನ್ನೊಂದು ನೋಡಬೇಕು. ಟಿವಿಯ ಸದ್ದನ್ನು ಎಚ್‌ಡಿಎಂಐ ಮೂಲಕವೇ ಹೊರಗೆ ಕಳಿಸುವ ಸೌಲಭ್ಯಕ್ಕೆ ಎಆರ್‌ಸಿ ಅಂತಾರೆ, ಅದರ ಸುಧಾರಿಸಿದ ರೂಪ ಇಎಆರ್‌ಸಿ. ಬರೀ ಎಆರ್‌ಸಿ ಇರುವ ಟಿವಿಯಲ್ಲಿ ಲಾಸ್‌ಲೆಸ್ ದಾಟೋದಿಲ್ಲ, ಇಎಆರ್‌ಸಿ ಬೇಕು, ಎರಡೂ ಕಡೆ. ಅದಿಲ್ಲದಿದ್ದರೆ ಪ್ಲೇಯರನ್ನು ಮೊದಲು ರಿಸೀವರಿಗೆ ಕೊಟ್ಟು, ಅಲ್ಲಿಂದ ಟಿವಿಗೆ ಒಯ್ಯಿರಿ.

ಕಪ್ಪು ಡಬ್ಬಿ

2016ರಲ್ಲಿ 4ಕೆ ಅಲ್ಟ್ರಾ ಎಚ್‌ಡಿ ಬ್ಲೂ-ರೇ ಬಂತು. ಲೇಸರ್ ಅದೇ 405, ಲೆನ್ಸ್ ಅದೇ 0.85. ಪದರಕ್ಕೆ 33 ಜಿಬಿ ತುಂಬಿ, ಮೂರು ಪದರ ಇಟ್ಟು 100 ಮಾಡಿದರು. ಪಿಕ್ಸೆಲ್ ನಾಲ್ಕು ಪಟ್ಟಾದರೂ ಜಾಗ ಎರಡೇ ಪಟ್ಟು. ಉಳಿದದ್ದನ್ನು ಎಚ್‌ಇವಿಸಿ ಕೊಡೆಕ್ ತೂಗಿಸುತ್ತದೆ. ಕಣ್ಣಿಗೆ ಹೊಡೆಯೋದು ಪಿಕ್ಸೆಲ್ ಅಲ್ಲ, ಎಚ್‌ಡಿಆರ್, ಅಂದರೆ ಬೆಳಕು ಕತ್ತಲೆಯ ಅಂತರವನ್ನು ಹಿಗ್ಗಿಸಿ ತೋರಿಸುವ ತಂತ್ರ. ದೀಪದ ಜ್ವಾಲೆಯ ಒಳಗೂ ಬಣ್ಣ ಉಳಿದಿರುತ್ತದೆ. ಈ ಡಿಸ್ಕಿಗೆ ಪ್ರದೇಶದ ಬೀಗವೂ ಇಲ್ಲ. ಮಾಮೂಲಿ ಬ್ಲೂ-ರೇಗೆ ಇದೆ: ಅಮೆರಿಕ ಎ, ನಾವು ಸಿ. ಹೊರದೇಶದ ಮಗನೋ ಮಗಳೋ ಡಿಸ್ಕ್ ತರುತ್ತಾರೆ ಅಂದರೆ ಕಪ್ಪು ಡಬ್ಬಿಯದನ್ನೇ ಹೇಳಿ, ತಲೆನೋವಿಲ್ಲ.

ಸೌಂಡಿಗೆ ಬಂದರೆ 100 ಜಿಬಿಯಲ್ಲಿ ಹೊಸದೇನೂ ಇಲ್ಲ. ಅದೇ ಟ್ರೂಎಚ್‌ಡಿ, ಅದೇ ಡಿಟಿಎಸ್-ಎಚ್‌ಡಿ ಮಾಸ್ಟರ್. ತಲೆ ಮೇಲಿನ ಸ್ಪೀಕರಿಗೂ ಸದ್ದು ಕೊಡುವ ಅಟ್ಮಾಸ್, ಡಿಟಿಎಸ್ ಎಕ್ಸ್ ಇವೆಲ್ಲ ಆ ಎರಡರ ಮೇಲೇ ಕೂತು ಬರುತ್ತವೆ, ಮಾಮೂಲಿ ಬ್ಲೂ-ರೇಯಲ್ಲೂ ಹಿಡಿಸುತ್ತವೆ. ಆದರೆ ವ್ಯಾಪಾರ ನೋಡಿ: ಎಷ್ಟೋ ಸಿನಿಮಾಗಳ ಅಟ್ಮಾಸ್ ಟ್ರ್ಯಾಕನ್ನು 4ಕೆ ಡಿಸ್ಕಿಗೆ ಮಾತ್ರ ಹಾಕಿ, ನೀಲಿ ಡಬ್ಬಿಗೆ ಆರು ಚಾನಲ್ಲಿನ 5.1 ಕೊಟ್ಟು ಬಿಡುತ್ತಾರೆ. ಜಾಗ ಇಲ್ಲದ್ದಕ್ಕಲ್ಲ, ಮಾರಬೇಕಲ್ಲ ಅದಕ್ಕೆ.

ಕಂಪ್ಯೂಟರಿನಲ್ಲಿ 4ಕೆ ಡಿಸ್ಕ್ ನೋಡುವ ಆಸೆ ಬಿಡಿ. ಅಧಿಕೃತ ಸಾಫ್ಟ್‌ವೇರ್‌ಗೆ ಇಂಟೆಲ್‌ನ ಎಸ್‌ಜಿಎಕ್ಸ್ ಅನ್ನೋ ಸೌಲಭ್ಯ ಬೇಕಿತ್ತು, ಹೊಸ ಚಿಪ್ಪುಗಳಿಂದ ಅದನ್ನೇ ತೆಗೆದಿದ್ದಾರೆ. ಡಿಸ್ಕ್ ಇರುವ ಪ್ಲೇಸ್ಟೇಷನ್ 5 ಅಥವಾ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮನೆಯಲ್ಲಿದ್ದರೆ ಬೇರೆ ಪ್ಲೇಯರ್ ಬೇಡ.

ಒಟಿಟಿ ಇರುವಾಗ?

ನೆಟ್‌ಫ್ಲಿಕ್ಸ್‌ನ 4ಕೆ ಗಂಟೆಗೆ 7 ಜಿಬಿ ತನಕ ತಿನ್ನುತ್ತದೆ ಅಂತ ಅವರೇ ಹೇಳುತ್ತಾರೆ. 0.45ರಿಂದ ಭಾಗಿಸಿ: 15 ಎಂಬಿಪಿಎಸ್ ಚಿಲ್ಲರೆ. ಅಟ್ಮಾಸ್ ಇದ್ದರೂ ಅದು ಡಾಲ್ಬಿ ಡಿಜಿಟಲ್ ಪ್ಲಸ್ ಒಳಗೆ ಬರುವ ಅಟ್ಮಾಸ್, ಹೆಚ್ಚೆಂದರೆ 768 ಕೆಬಿಪಿಎಸ್. ಚಿತ್ರದಲ್ಲಿ ಒಟಿಟಿ ನೀಲಿ ಡಬ್ಬಿಗೆ ಸಮ ಬಂದಿದೆ, ಕೆಲವು ಸಲ ಎಚ್‌ಡಿಆರ್ ಬಲದಿಂದ ಮೀರಿಯೂ ಇದೆ ಅಂತ ನನ್ನ ಲೆಕ್ಕ. ಸೌಂಡಿನಲ್ಲಿ ಇನ್ನೂ ಇಲ್ಲ.

ಹಾಗಾದರೆ ಯಾವುದು

ಟಿವಿ ಸ್ಪೀಕರಿನಲ್ಲೇ ನೋಡುವವರು ಡಿಸ್ಕಿಗೆ ದುಡ್ಡು ಹಾಕಬೇಡಿ. ಹಳೇ ಡಿವಿಡಿ ಇದ್ದರೆ ನೋಡಿ, ಇಲ್ಲದಿದ್ದರೆ ಒಟಿಟಿ ಸಾಕು.

ಒಳ್ಳೆ ರಿಸೀವರ್, ಸ್ಪೀಕರ್ ಇದ್ದು ಟಿವಿ ಹಳೇ ಫುಲ್ ಎಚ್‌ಡಿ ಆಗಿದ್ದರೆ ಸೆಕೆಂಡ್‌ಹ್ಯಾಂಡ್ ಬ್ಲೂ-ರೇ ಪ್ಲೇಯರೇ ಜಾಣತನ. ಸಂಗೀತ ಕಛೇರಿಯ ಬ್ಲೂ-ರೇ ಸಿಕ್ಕರೆ ಬಿಡಬೇಡಿ. ಎಷ್ಟೋ ಬಾರಿ ಸಿಡಿಗಿಂತ ಸೂಕ್ಷ್ಮವಾದ 96 ಕಿಲೋಹರ್ಟ್ಸ್, 24 ಬಿಟ್ ಟ್ರ್ಯಾಕ್ ಇರುತ್ತದೆ. ಕನ್ನಡ ಸಿನಿಮಾಗಳು ಬ್ಲೂ-ರೇಯಲ್ಲಿ ಬಂದದ್ದು ಕಡಿಮೆ, ಹಾಗಾಗಿ ಕನ್ನಡಕ್ಕೆ ಅಂತ ಪ್ಲೇಯರ್ ಕೊಂಡರೆ ಬೇಜಾರಾಗುತ್ತದೆ.

ಹೊಸದಾಗಿ ಕೊಳ್ಳುವವರು, ಎಚ್‌ಡಿಆರ್ ಟಿವಿ ಇರುವವರು ಸೀದಾ 4ಕೆ ಪ್ಲೇಯರಿಗೆ ಹೋಗಿ. ನೀಲಿ ಡಬ್ಬಿ, ಡಿವಿಡಿ, ಸಿಡಿ ಎಲ್ಲವನ್ನೂ ಅದು ಓಡಿಸುತ್ತದೆ. ತಡ ಮಾಡಬೇಡಿ ಅನ್ನೋದಕ್ಕೂ ಕಾರಣ ಇದೆ: ಒಪ್ಪೊ 2018ರಲ್ಲಿ, ಸ್ಯಾಮ್‌ಸಂಗ್ 2019ರಲ್ಲಿ ಹೊಸ ಪ್ಲೇಯರ್ ನಿಲ್ಲಿಸಿದವು, 2024ರ ಕೊನೆಗೆ ಎಲ್‌ಜಿಯೂ ಕೈಬಿಟ್ಟಿತು. ಸೋನಿ 2025ರ ಫೆಬ್ರವರಿಯಲ್ಲಿ ಬರೆಯುವ ಬ್ಲೂ-ರೇ ಡಿಸ್ಕುಗಳನ್ನೂ ನಿಲ್ಲಿಸಿತು. ಮದುವೆ ವಿಡಿಯೊ, ಮಕ್ಕಳ ಫೋಟೊ ಬಿಡಿ-ಆರ್‌ಗೆ (ಬರೆಯುವ ಬ್ಲೂ-ರೇಗೆ) ಇಳಿಸುವ ಯೋಚನೆ ಇದ್ದವರೂ ಬೇಗ ಮಾಡಿ.

ಎಚ್‌ಡಿ ಡಿವಿಡಿ ಯಾರಾದರೂ ಅಗ್ಗಕ್ಕೆ ಕೊಡುತ್ತೇನೆ ಅಂದರೂ ಬೇಡ. ನಮ್ಮ ಮೂರರಲ್ಲಿ ಓದುವ ಎರಡನ್ನು ತಮ್ಮನ ಮಗ ಕಂಪ್ಯೂಟರಿಗೆ ಇಳಿಸಿಕೊಂಡ. ಒಂದು 22 ಜಿಬಿ, ಇನ್ನೊಂದು 27. ಓದದ ಮೂರನೆಯದನ್ನು ಅವನಮ್ಮ ಬಾಲ್ಕನಿಯಲ್ಲಿ ದಾರಕ್ಕೆ ಕಟ್ಟಿದ್ದಾಳೆ. ಬಿಸಿಲಿಗೆ ಫಳಫಳ ಅಂತದೆ, ಪಾರಿವಾಳ ಹತ್ತಿರ ಬರೋದಿಲ್ಲವಂತೆ.